ಗೂಮಿ ಬೇಕು

ಮಾರ್ಚ್ ೪, ಬುಧವಾರ

ಈ ಡೈರಿ ಭಾವನಿಗೆ ಬಸ್ ಡಿಪೋದವರು ಹೊಸ ವರ್ಷಕ್ಕೆ ಕೊಟ್ಟದ್ದು. ಭಾವ ಇದರಲ್ಲಿ ಒಂದಕ್ಷರವನ್ನೂ ಬರೆದಿಲ್ಲ. ನಾನು ಬರೆಯುವುದಕ್ಕೂ ದೊಡ್ಡ ಕಾರಣವೇನಿಲ್ಲ. ಮಧ್ಯಾಹ್ನ ಮಗು ಮಲಗಿದಾಗ ಮನೆ ಬಿಟ್ಟು ಹೋಗುವಂತಿಲ್ಲ. ಮಲಗಿದ ಮಗುವನ್ನು ಎಷ್ಟು ಹೊತ್ತು ಅಂತ ನೋಡುವುದು? ಕೈಗೆ ಏನಾದರೂ ಕೆಲಸ ಬೇಕು. ಹತ್ತನೆಯ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟ ಮೇಲೆ ಇಷ್ಟು ಸಾಲು ಒಟ್ಟಿಗೆ ಬರೆದದ್ದು ಇದೇ ಮೊದಲು.

ಫೆಬ್ರವರಿಯಲ್ಲಿ ಅಕ್ಕ ಸತ್ತಳು. ಜ್ವರ ಬಂತು, ಆಸ್ಪತ್ರೆಗೆ ಹೋದಳು, ವಾಪಸ್ ಬರಲಿಲ್ಲ. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಯಾರದೋ ಅನ್ನಿಸುತ್ತದಲ್ಲ, ಹಾಗಿದೆ. ಇದಕ್ಕಿಂತ ಹೆಚ್ಚು ಬರೆಯಲು ಏನೂ ಸಿಗುತ್ತಿಲ್ಲ.

ಭಾವ ಬಸ್ ಡ್ರೈವರ್. ಬೆಳಕು ಹರಿಯುವ ಮೊದಲೇ ಹೋದರೆ ಬರುವುದು ಕತ್ತಲಾದ ಮೇಲೆ. ಮಗುವನ್ನು ನೋಡಿಕೊಳ್ಳಲು ಬಿಡುವಿದ್ದವನು ನಾನೊಬ್ಬನೇ. "ಸ್ವಲ್ಪ ದಿನ ಅಷ್ಟೆ, ಮಾರಾಯ," ಅಂದರು ಭಾವ. ಒಪ್ಪಿಕೊಂಡೆ. ಮಗುವಿಗೆ ಎರಡೂವರೆ ವರ್ಷ. ಅಕ್ಕ ಅವಳನ್ನು ಮೆಣಸು ಅನ್ನುತ್ತಿದ್ದಳು. ಕಾಳಿನಷ್ಟಿದ್ದರೂ ಖಾರ ಜಾಸ್ತಿ ಅಂತ. ಈಗ ಖಾರ ಏನೂ ಕಾಣುವುದಿಲ್ಲ. ಬಾಗಿಲ ಹತ್ತಿರ ಕೂತು ಅಕ್ಕನ ಚಪ್ಪಲಿಯ ಪಟ್ಟಿಯನ್ನು ಹಾಕುವುದು, ತೆಗೆಯುವುದು ಮಾಡುತ್ತಿರುತ್ತಾಳೆ.

ಮಾರ್ಚ್ ೫, ಗುರುವಾರ

ಬೆಳಿಗ್ಗೆ ಮೆಣಸು "ಅಂಗಿ" ಅಂದಳು. ಅಂಗಿ ತೊಡಿಸಿದೆ. ಮತ್ತೆ "ಅಂಗಿ" ಅಂದಳು. ಬೇರೆ ಅಂಗಿ ಬೇಕಿರಬೇಕು ಎಂದು ಅದರ ಮೇಲೆಯೇ ಹಳದಿಯದನ್ನು ತೊಡಿಸಿದೆ. ಅಳುತ್ತಾ "ಅಂಗಿ, ಅಂಗಿ" ಅಂದಳು. ಚಳಿಯೇನೋ ಎಂದು ಸ್ವೆಟರ್ ಹಾಕಿದೆ.

ಅಳು ಕೇಳಿ ಕೆಳಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಅವರು ನಮ್ಮ ಸ್ವಂತ ಅಜ್ಜಿಯಲ್ಲ, ಕೆಳಗಿನ ಮನೆಯಲ್ಲಿ ಒಬ್ಬರೇ ಇರುವವರು.

"ಇದೇನೋ, ಮಗೂನ ಮೂಟೆ ಕಟ್ತಿದ್ದೀಯಾ?"

"ಅಂಗಿ ಬೇಕಂತೆ ಅಜ್ಜಿ."

"ಒಂದ್ ಮೈಗೆ ಎಷ್ಟೋ ಅಂಗಿ?"

ಮೆಣಸು ಮೂಟೆಯ ಹಾಗೇ ಅಡುಗೆಮನೆಗೆ ನಡೆದು, ಬಾಳೆಹಣ್ಣು ಇಟ್ಟಿದ್ದ ಶೆಲ್ಫಿನ ಕೆಳಗೆ ನಿಂತು ಕೈ ಚಾಚಿದಳು. ಅವಳಿಗೆ ಬಾಳೆಹಣ್ಣು ಅಂದರೆ ಅಂಗಿ. ಸಿಪ್ಪೆ ಸುಲಿಯುವಾಗ "ಅಂಗಿ ಬಿಚ್ಚೋಣ" ಅಂತ ಅಕ್ಕ ಹೇಳುತ್ತಿದ್ದಿರಬೇಕು.

"ತಾಯಿ ಮಗಳು ಸೇರಿ ಎಲ್ಲದಕ್ಕೂ ಒಂದೊಂದು ಹೆಸರಿಟ್ಟಿದ್ರು," ಅಂದರು ಅಜ್ಜಿ. "ಮೂರನೇ ಮನುಷ್ಯರಿಗೆ ಒಂದೂ ತಿಳೀತಿರ್ಲಿಲ್ಲ. ಈಗ ನೋಡು, ಮಗು ಬಾಯಿಬಿಟ್ಟು ಕೇಳಿದ್ರೂ ಕೊಡೋರಿಗೆ ಗೊತ್ತಾಗಲ್ಲ."

ಅರ್ಧ ಹಣ್ಣು ತಿಂದು ಉಳಿದರ್ಧವನ್ನು ಚಪ್ಪಲಿಯೊಳಗೆ ಇಟ್ಟಳು.

ಮಾರ್ಚ್ ೭, ಶನಿವಾರ

ಮೆಣಸನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ತಕ್ಕಡಿಯ ಮೇಲೆ ಕೂರಿಸಿದ ನರ್ಸಮ್ಮ ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು. "ಕಳೆದ ಸಲಕ್ಕಿಂತ ಇಳಿದಿದೆ. ಏನ್ ತಿನ್ನಿಸ್ತೀರಾ?" ಅಂದರು. ಅನ್ನ, ಬೇಳೆ, ಹಾಲು, ಮೊಟ್ಟೆ ಅಂದೆ. "ಇವೆಲ್ಲ ತಿಂದ್ರೆ ಇಳಿಯಲ್ವಲ್ಲ," ಅಂದರು. ತಿನ್ನಿಸ್ತೀನಿ, ತಿನ್ನಲ್ಲ ಅಂದೆ. "ಹೀಗೇ ಆದ್ರೆ ದಾಖಲು ಮಾಡ್ಬೇಕಾಗುತ್ತೆ. ತಿಂಗಳ ಕೊನೆಗೆ ಮತ್ತೆ ತನ್ನಿ."

ರಾತ್ರಿ ಭಾವ ಬಂದ ಮೇಲೆ ಅವರ ಅಕ್ಕನ ಫೋನ್ ಬಂತು. ಮೆಣಸಿಗೆ ಅತ್ತೆ ಅವರು. ನಾನೂ ಅತ್ತೆ ಎಂದೇ ಬರೆಯುತ್ತೇನೆ. ಬೇರೆ ಊರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಫೋನಿನಲ್ಲೂ ಅವರ ಧ್ವನಿ ಕತ್ತರಿಯ ಹಾಗೆ.

"ಇಬ್ಬರು ಗಂಡಸರ ನಡುವೆ ಮಗು ಒಣಗ್ತಿದೆ. ತಿಂಗಳ ಕೊನೇ ಭಾನುವಾರ ಬರ್ತೀನಿ. ಅಷ್ಟರಲ್ಲಿ ಮೈ ಹಿಡಿದಿದ್ರೆ ಸರಿ, ಇಲ್ಲೇ ಇರ್ಲಿ. ಇಲ್ದಿದ್ರೆ ಕರ್ಕೊಂಡ್ ಹೋಗ್ತೀನಿ. ಆಮೇಲೆ ನನ್ ಮೇಲೆ ಮುನಿಸ್ಕೋಬೇಡ."

ಭಾವ "ಹೂಂ" ಅಂದರು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಬಸ್ಸಿನ ಕನ್ನಡಿ ನೋಡುವವರ ಹಾಗೆ ಗೋಡೆಯನ್ನು ನೋಡುತ್ತಾ ಕೂತಿದ್ದರು.

ಇಲ್ಲಿ ಸುಳ್ಳು ಬರೆದು ಯಾರಿಗೆ ಏನಾಗಬೇಕಿದೆ? ನನಗೆ ಸಮಾಧಾನವೇ ಆಯಿತು. ಪೇಂಟಿಂಗ್ ಮೇಸ್ತ್ರಿ ಏಪ್ರಿಲ್ ಮೊದಲ ವಾರ ಒಂದು ದೊಡ್ಡ ಹೋಟೆಲಿಗೆ ಬಣ್ಣ ಹೊಡೆಯಲು ಹುಡುಗರನ್ನು ಕರೆದುಕೊಂಡು ದೂರದ ಊರಿಗೆ ಹೊರಡುತ್ತಾರೆ. ನನಗೂ ಜಾಗ ಇಟ್ಟಿದ್ದಾರೆ. ಈ ಮನೆಯಲ್ಲಿ ಕೂತು ಕೂತು ನನಗೆ ಹುಚ್ಚು ಹಿಡಿಯುತ್ತದೆ. ಮೆಣಸು ತಿನ್ನದಿದ್ದರೆ ಅತ್ತೆ ಕರೆದುಕೊಂಡು ಹೋಗುತ್ತಾರೆ, ನಾನು ಹೊರಡಬಹುದು. ತಿನ್ನದಿದ್ದರೇ ಒಳ್ಳೆಯದು ಎಂದು ಮನಸ್ಸಿಗೆ ಬಂತು. ಬಂದದ್ದನ್ನು ಬರೆದಿದ್ದೇನೆ.

ಆದರೂ ರಾತ್ರಿಯ ಅನ್ನ ಕಲಸಿಕೊಂಡು ಅವಳ ಹಿಂದೆ ಮನೆ ತುಂಬಾ ಸುತ್ತಿದೆ. ಮಕ್ಕಳ ಹೊಟ್ಟೆ ತುಂಬುವ ತನಕ ದೊಡ್ಡವರು ತಟ್ಟೆ ಮುಟ್ಟಬಾರದು, ಇದು ನಮ್ಮಮ್ಮನ ಕಟ್ಟಳೆ. ಅಮ್ಮ ಹೋಗಿ ವರ್ಷಗಳಾದವು, ಕಟ್ಟಳೆ ಉಳಿದಿದೆ. ಮೆಣಸು ಮಲಗಿದ ಮೇಲೆ ಒಲೆಯ ಪಕ್ಕ ನಿಂತು ಪಾತ್ರೆಯಿಂದಲೇ ತಿಂದೆ. ಬೇಳೆಗೆ ಉಪ್ಪು ಹಾಕಿದ್ದೆನೋ ಇಲ್ಲವೋ, ತಿಂದ ಮೇಲೂ ಗೊತ್ತಾಗಲಿಲ್ಲ. ಭಾವನನ್ನು ಕೇಳೋಣವೆಂದರೆ ಅವರು ಡಿಪೋ ಕ್ಯಾಂಟೀನಿನಲ್ಲೇ ಊಟ ಮುಗಿಸಿ ಬರುತ್ತಾರೆ.

ಮಾರ್ಚ್ ೧೦, ಮಂಗಳವಾರ

ಹಾಲು ಅಂದರೆ ಉಫ್. ಅಕ್ಕ ಊದಿ ಊದಿ ಆರಿಸಿ ಕೊಡುತ್ತಿದ್ದಳಲ್ಲ, ಅದಕ್ಕೆ. ಮೊಟ್ಟೆ ಅಂದರೆ ಟಕ್ಕು. ಬಾಣಲೆಯ ಅಂಚಿಗೆ ತಾಗಿಸಿ ಒಡೆದಾಗ ಮೆಣಸೇ ಹೇಳಿದ್ದು, ನನ್ನ ಕೈ ತೋರಿಸಿ. ಸೌತೆಕಾಯಿ ಕರ್ರುಂ. ಅನ್ನಕ್ಕೆ ಮುಗು ಅನ್ನುತ್ತಾಳೆ. ಅದಕ್ಕೆ ಮಾತ್ರ ಕಾರಣ ಸಿಗಲಿಲ್ಲ. ಅಕ್ಕನಿಗೂ ಗೊತ್ತಿತ್ತೋ ಇಲ್ಲವೋ.

ನಾನು "ಮೊಟ್ಟೆ" ಅಂದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ. "ಟಕ್ಕು" ಅಂದರೆ ಒಂದು ಚೂರು ತೆಗೆದುಕೊಳ್ಳುತ್ತಾಳೆ. ಒಂದೇ ಚೂರು. ಆಮೇಲೆ ತಟ್ಟೆಯನ್ನು ದೂಡಿ "ಗೂಮಿ" ಅನ್ನುತ್ತಾಳೆ.

"ಗೂಮಿ ಬೇಕು."

ಗೂಮಿ ಏನು ಅಂತ ಗೊತ್ತಿಲ್ಲ.

ಮಾರ್ಚ್ ೧೧, ಬುಧವಾರ

ಗೂಮಿ ಬ್ರೆಡ್ಡಲ್ಲ. ಬಿಸ್ಕತ್ತಲ್ಲ. ಸಕ್ಕರೆಯಲ್ಲ, ಬೆಲ್ಲವಲ್ಲ, ಮೊಸರಲ್ಲ. ಗೂಮಿ ಅನ್ನುವಾಗ ತನ್ನ ಬಾಯಿ ತೋರಿಸುವುದಿಲ್ಲ, ನನ್ನ ಬಾಯಿ ತೋರಿಸುತ್ತಾಳೆ. ನನ್ನ ಬಾಯಲ್ಲಿ ಏನಿದೆ? ಹಲ್ಲು. ಟೂತ್‌ಪೇಸ್ಟ್ ಇರಬಹುದೆಂದು ಬೆರಳ ತುದಿಯಲ್ಲಿ ಚೂರು ಹಚ್ಚಿ ತೋರಿಸಿದೆ. ಅವಳು ನನ್ನನ್ನು ನೋಡಿದ ರೀತಿ! ನಮ್ಮ ಗಣಿತದ ಮೇಷ್ಟರು ನನ್ನನ್ನು ಹಾಗೇ ನೋಡುತ್ತಿದ್ದರು.

ಮಾರ್ಚ್ ೧೩, ಶುಕ್ರವಾರ

ಏನಿಲ್ಲ. ಟಕ್ಕು ಸ್ವಲ್ಪ ತಿಂದಳು.

ಮಾರ್ಚ್ ೧೫, ಭಾನುವಾರ

ಕೆಳಮನೆಯ ಅಜ್ಜಿ ಆಲೂಗಡ್ಡೆ ತೊಳೆಯುತ್ತಿದ್ದಾಗ ಮೆಣಸು ಅವರ ಪಾತ್ರೆಗೆ ಕೈಹಾಕಿ "ಮಣ್ಣಪ್ಪ" ಅಂದಳಂತೆ. ಅಜ್ಜಿಗೆ ಆ ಒಂದು ಗೊತ್ತಿತ್ತು. "ನಿಮ್ಮಕ್ಕ ದಿನಾ ನಲ್ಲಿ ಕೆಳಗೆ ‘ಮಣ್ಣಪ್ಪಂಗೆ ಸ್ನಾನ’ ಅಂತ ಕೂಗೋಳು. ಯಾರೋ ನೆಂಟ್ರು ಬಂದಿದಾರೆ ಅನ್ಕೊಂಡು ನಾನು ಒಂದ್ಸಲ ಇಣುಕಿ ನೋಡಿದ್ದೆ," ಅಂದರು. ನಾನು ನಗಬೇಕಿತ್ತು. ತುಟಿ ಎಳೆದೆ.

ಗೂಮಿ ಗೊತ್ತಾ ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಆಮೇಲೆ, ಹೇಳಲೋ ಬೇಡವೋ ಅಂತ ಬಾಗಿಲ ಕಡೆ ನೋಡಿ ಹೇಳಿದರು, "ಸತ್ತೋರ ಬಗ್ಗೆ ಆಡಬಾರದು. ಆದ್ರೂ ಹೇಳ್ತೀನಿ. ನಿಮ್ಮಕ್ಕಂಗೆ ಬೇರೆಲ್ಲ ಸರಿಯಿತ್ತು, ಊಟದ ವಿಷಯದಲ್ಲಿ ಮಾತ್ರ ತಾಳ್ಮೆ ಇರ್ಲಿಲ್ಲ. ಮಗು ಮುಂದೆ ಕೂತಿರೋದು, ಇವಳು ತನ್ನ ತಟ್ಟೆ ಹಾಕ್ಕೊಂಡು ಮೊದಲು ತಾನು ಶುರು ಮಾಡೋಳು. ನಾನೇ ಕಣ್ಣಾರೆ ನೋಡಿದೀನಿ. ತಾಯಿಯಾದೋಳು ಹಾಗೆ ಮಾಡ್ತಾಳಾ?"

"ಅವಳಿಗೆ ಹಸಿವಾಗಿರುತ್ತೆ," ಅಂದೆ.

"ಹಸಿವು ಯಾರಿಗಿಲ್ಲಪ್ಪಾ," ಅಂದರು.

ಮೆಣಸನ್ನು ಎತ್ತಿಕೊಂಡು ಮೇಲೆ ಬಂದುಬಿಟ್ಟೆ. ಅಕ್ಕ ಅಮ್ಮನ ಕಟ್ಟಳೆಗಳನ್ನೆಲ್ಲ ಮುರಿದವಳೇ. ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಊರೆಲ್ಲ ಬೈಯುವಾಗ, ಹೋಗು, ನೋಡ್ಕೊಂಡು ಬಾ ಅಂದವಳೂ ಅವಳೇ. ಆದರೂ ಅಜ್ಜಿಯ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಉಳಿದಿದೆ.

ಮಾರ್ಚ್ ೧೬, ಸೋಮವಾರ

ಅಜ್ಜಿ ಮೆಣಸಿಗೆ "ಅಮ್ಮ ಊರಿಗೆ ಹೋಗಿದಾಳೆ, ಬರ್ತಾಳೆ" ಅಂದರು. ನಾನು "ಇಲ್ಲ, ಬರಲ್ಲ" ಅಂದೆ. ಎಂಥ ಕಲ್ಲೆದೆಯೋ ನಿನ್ನದು ಅಂದರು. ಇರಬಹುದು. ಆದರೆ ಆ ಚಪ್ಪಲಿಯ ಮುಂದೆ ಇನ್ನೆಷ್ಟು ದಿನ ಕೂರುತ್ತಾಳೆ? ಬರುವುದಿಲ್ಲ ಎಂದು ಮೇಲೆ ಬಂದು ಇನ್ನೊಮ್ಮೆ ಹೇಳಿದೆ. ಅವಳು ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ "ಮಾಮ, ಉಫ್" ಅಂದಳು. ಉಫ್ ಬಿಸಿ ಮಾಡಿ ಕೊಟ್ಟೆ. ಊದಿದ್ದು ನಾನು, ಕುಡಿದದ್ದು ಅವಳು.

ಮಾರ್ಚ್ ೧೮, ಬುಧವಾರ

ದಿನಸಿ ಅಂಗಡಿಗೆ ಕರೆದುಕೊಂಡು ಹೋಗಿ ಎತ್ತಿ ಹಿಡಿದು ಒಂದೊಂದೇ ಡಬ್ಬ ತೋರಿಸಿದೆ. "ಇದು ಗೂಮಿನಾ? ಇದು?" ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದ.

"ಏನಪ್ಪಾ ಬೇಕು?"

"ಗೂಮಿ."

"ಯಾವ ಕಂಪನಿದು?"

ಗೊತ್ತಿಲ್ಲ ಅಂದೆ. "ತರ್ಸಿಟ್ಟಿರ್ತೀನಿ, ಮುಂದಿನ ವಾರ ಕೇಳು," ಅಂದ. ಹಿಂದಿದ್ದವರು ನಕ್ಕರು. ಮೆಣಸು ನನ್ನ ಹೆಗಲಲ್ಲಿ ಮುಖ ಮುಚ್ಚಿಕೊಂಡಳು.

ಮನೆಗೆ ಬಂದು ಕೂಗಾಡಿದೆ. "ಸರಿಯಾಗಿ ಹೇಳೋಕೆ ಕಲಿ. ಇದು ಅನ್ನ. ಅನ್ನ ಅನ್ನು. ಇದು ಮೊಟ್ಟೆ." ಅವಳು ಅಳಲಿಲ್ಲ. "ಅನ್ನ," ಅಂದಳು, ಬಹಳ ಮೆಲ್ಲಗೆ. ಇಡೀ ದಿನ ಆಮೇಲೆ ಏನನ್ನೂ ಕೇಳಲಿಲ್ಲ. ಏನನ್ನೂ ತಿನ್ನಲೂ ಇಲ್ಲ.

ಸಂಜೆ ನಾನೇ ಅವಳ ಮುಂದೆ ಕೂತು "ಮುಗು" ಅಂದೆ. ನನ್ನ ಮುಖ ನೋಡಿದಳು. "ಮುಗು," ಅಂದೆ ಮತ್ತೆ. "ಮುಗು," ಅಂದಳು. ಒಂದು ತುತ್ತು ತೆಗೆದುಕೊಂಡಳು. ಇನ್ನು ಆ ಮೇಷ್ಟರ ಕೆಲಸ ನನಗೆ ಬೇಡ.

ಮಾರ್ಚ್ ೨೦, ಶುಕ್ರವಾರ

ಭಾವ ಇವತ್ತು ಬೇಗ ಬಂದರು. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣವಿತ್ತು. ಮೆಣಸು ಅದನ್ನು ನೋಡಿ "ಪೋಂಪೋಂ" ಅಂದಳು. ಭಾವ ನನ್ನ ಕಡೆ ತಿರುಗಿ, "ಬಸ್ ಅಂತಿದಾಳಾ?" ಅಂದರು.

"ಇಲ್ಲ ಭಾವ. ಬ್ರೆಡ್ ಅಂತಿದಾಳೆ. ದಿನಾ ನೀವು ತರ್ತಿದ್ರಲ್ಲ, ಅದಕ್ಕೆ."

ಅವರಿಗೆ ಇದು ಗೊತ್ತಿರಲಿಲ್ಲ. ಪೊಟ್ಟಣ ಹಿಡಿದುಕೊಂಡೇ ನಿಂತರು. "ನಾನ್ ಬರೋ ಹೊತ್ತಿಗೆ ಮಲಗಿರೋಳು. ಬ್ರೆಡ್ ಅಲ್ಲಿಟ್ಟು ಮಲಗ್ತಿದ್ದೆ," ಅಂದರು. ಪೋಂಪೋಂ ಒಂದು ಚೂರು ಮುರಿದು ಕೊಟ್ಟರು. ಮೆಣಸು ಅದನ್ನು ಕೈಯಲ್ಲಿ ಹಿಡಿದು ಅವರ ಬಾಯಿ ತೋರಿಸಿ "ಗೂಮಿ" ಅಂದಳು.

"ಏನು ಹಾಗಂದ್ರೆ?"

"ಅದೊಂದು ನನಗೂ ಗೊತ್ತಿಲ್ಲ."

ಊಟ ಮಾಡಿ ಅಂದೆ. ಕ್ಯಾಂಟೀನಲ್ಲಿ ಆಯ್ತು ಅಂದರು. ಅಡುಗೆಮನೆಯ ಬಾಗಿಲ ತನಕ ಬಂದು ಅಲ್ಲೇ ನಿಂತರು, ಒಳಗೆ ಬರಲಿಲ್ಲ. ಅವರು ಅಲ್ಲಿ ಕೂರುತ್ತಿದ್ದ ಜಾಗದಲ್ಲಿ ಈಗ ಬಟ್ಟೆಯ ಬುಟ್ಟಿ ಇದೆ. ಯಾರಿಟ್ಟರೋ. ನಾನೇ ಇರಬೇಕು.

ಮಾರ್ಚ್ ೨೪, ಮಂಗಳವಾರ

ಮೇಸ್ತ್ರಿ ಹೇಳಿ ಕಳಿಸಿದ್ದರು. ಪಕ್ಕದ ಬೀದಿಯಲ್ಲಿ ಒಂದು ಕಬ್ಬಿಣದ ಗೇಟು, ಅರ್ಧ ದಿನದ ಕೆಲಸ. ಮೆಣಸನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದೆ. ಎಷ್ಟು ದಿನವಾಯಿತು ಕೈಗೆ ಬ್ರಷ್ ಬಂದು. ಹಳೆಯ ಬಣ್ಣ ಉಜ್ಜಿ, ತುಕ್ಕು ತೆಗೆದು, ರೆಡ್ ಆಕ್ಸೈಡ್ ಹೊಡೆದೆವು. ಬಿಸಿಲು ಚೆನ್ನಾಗಿತ್ತು. ಟೀ ಕುಡಿಯುವಾಗ ಮೇಸ್ತ್ರಿ "ಏನಾದ್ರೂ ತಿಂತೀಯಾ ಚಕ್ರ?" ಅಂದರು. ನನ್ನನ್ನು ಅವರು ಹಾಗೇ ಕರೆಯುವುದು. ನಾನು ಗೂಡಂಗಡಿಯವನಿಗೆ "ಒಂದು ಅಂಗಿ ಕೊಡಪ್ಪ" ಅಂದೆ. ಮೇಸ್ತ್ರಿ ನನ್ನ ಮೈಮೇಲಿನ ಅಂಗಿ ನೋಡಿ, "ಇದೇ ಇನ್ನೂ ಹೊಸದಾಗಿದೆಯಲ್ಲೋ," ಅಂದರು. ಯಾಕೆ ಹಾಗಂದರು ಅಂತ ಆಮೇಲೆ ಹೊಳೆಯಿತು.

ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮೆಣಸನ್ನು ಕರೆತಂದು ನೆಲದ ಮೇಲೆ ಬಿಟ್ಟೆ. ಮುಗು ಇತ್ತು, ಬೇಳೆ ಇತ್ತು, ಎರಡು ಮಣ್ಣಪ್ಪ ಬೇಯಿಸಿದ್ದು ಇತ್ತು. ಅವಳಿಗೆ ಕಲಸಬೇಕಿತ್ತು. ಅಮ್ಮನ ಕಟ್ಟಳೆ ನೆನಪಾಗಲೇ ಇಲ್ಲ. ನೆನಪಾಗಿ ಮುರಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದುಕೊಂಡು, ಗೋಡೆಗೆ ಒರಗಿ ಕೂತು ಗಬಗಬ ತಿನ್ನತೊಡಗಿದೆ.

ಸ್ವಲ್ಪ ಹೊತ್ತಿಗೆ ಮೊಣಕಾಲಿನ ಮೇಲೆ ಒಂದು ಕೈ. ಮೆಣಸು ನಿಂತಿದ್ದಳು. ನಾನು ಅಗಿಯುವುದನ್ನೇ ನೋಡುತ್ತಿದ್ದಳು. ನಾನು ನುಂಗಿದೆ. ಅವಳೂ ನುಂಗಿದಳು, ಬಾಯಲ್ಲಿ ಏನೂ ಇಲ್ಲದೆ.

"ಗೂಮಿ," ಅಂದಳು. ಬಾಯಿ ತೆರೆದಳು.

ಸುತ್ತ ನೋಡಿದೆ, ಏನು ಕೇಳುತ್ತಿದ್ದಾಳೆ ಎಂದು. ತಟ್ಟೆ ಬಿಟ್ಟು ಬೇರೇನೂ ಇರಲಿಲ್ಲ. ನಾನು ತಿನ್ನಬೇಕೆಂದು ಹಿಡಿದಿದ್ದ ತುತ್ತನ್ನು ಅವಳ ಬಾಯಿಗಿಟ್ಟೆ. ಅಗಿದಳು, ನುಂಗಿದಳು. ಮತ್ತೆ ಬಾಯಿ ತೆರೆಯಲಿಲ್ಲ. ಕಾದಳು. ನಾನು ಒಂದು ತುತ್ತು ತಿಂದೆ. ಆಮೇಲೆ ತೆರೆದಳು. ನನಗೊಂದು, ಅವಳಿಗೊಂದು. ನಾನು ತಿನ್ನದೆ ಎರಡನೆಯದನ್ನೂ ಅವಳಿಗೇ ಕೊಡಲು ಹೋದರೆ ತಲೆ ಅಲ್ಲಾಡಿಸಿ ನನ್ನ ಬಾಯಿ ತೋರಿಸಿದಳು. ತಟ್ಟೆ ಖಾಲಿಯಾಗುವ ಹೊತ್ತಿಗೆ ಅವಳು ನನ್ನ ತೊಡೆಯ ಮೇಲೆ ಕೂತಿದ್ದಳು.

ಗೂಮಿ ಅಂತ ಒಂದು ತಿಂಡಿ ಇಲ್ಲವೇ ಇಲ್ಲ. ತಿನ್ನುತ್ತಾ ಇರುವವರ ತಟ್ಟೆಯಿಂದ, ಅವರ ಬಾಯಿಗೆ ಹೋಗಬೇಕಿದ್ದ ತುತ್ತು ತನ್ನ ಬಾಯಿಗೆ ಬಂದರೆ ಅದು ಗೂಮಿ. ಮುಗುವೂ ಆಗಬಹುದು, ಟಕ್ಕುವೂ ಆಗಬಹುದು. ಅಕ್ಕ ಮೊದಲು ತಾನು ತಿನ್ನುತ್ತಿದ್ದದ್ದು ಇದಕ್ಕೆ. ನಾವೆಲ್ಲ ಮೆಣಸಿನ ಮುಂದೆ ತಟ್ಟೆ ಇಟ್ಟು, ನಾವು ಮಾತ್ರ ಏನೂ ತಿನ್ನದೆ, ಅವಳ ಬಾಯನ್ನೇ ನೋಡುತ್ತಾ ಕೂತಿದ್ದೆವು.

ಕೆಳಗೆ ಹೋಗಿ ಅಜ್ಜಿಗೆ ಹೇಳಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನ ನಾಲಿಗೆಗೆ ಬರೆ ಹಾಕ," ಅಂದರು.

ಮಾರ್ಚ್ ೨೫, ಬುಧವಾರ

ಬೆಳಿಗ್ಗೆ ಗೂಮಿ. ಮಧ್ಯಾಹ್ನ ಗೂಮಿ. ಹಸಿವಿಲ್ಲದಿದ್ದರೂ ನಾನು ತಿನ್ನಲೇಬೇಕು, ಇಲ್ಲವಾದರೆ ಅವಳು ತಿನ್ನುವುದಿಲ್ಲ. ಬಟ್ಟೆಯ ಬುಟ್ಟಿ ಅಡ್ಡ ಬರುತ್ತಿತ್ತು, ತೆಗೆದು ಕೋಣೆಗೆ ಹಾಕಿದೆ.

ಮಾರ್ಚ್ ೨೭, ಶುಕ್ರವಾರ

ನರ್ಸಮ್ಮ ಮುಳ್ಳು ನೋಡಿದರು. "ಇಳಿಯೋದು ನಿಂತಿದೆ. ಸ್ವಲ್ಪ ಮೇಲೇ ಹೋಗಿದೆ. ಏನ್ ಮಾಡಿದ್ರಿ?" ಅಂದರು. ನಾನೂ ಊಟ ಮಾಡ್ದೆ ಅಂದೆ. ಇವನೇನೋ ತಮಾಷೆ ಮಾಡುತ್ತಾನೆ ಎಂದುಕೊಂಡರು.

ದಾರಿಯಲ್ಲಿ ಮೇಸ್ತ್ರಿ ಸಿಕ್ಕಿ, ಗುರುವಾರ ವ್ಯಾನ್ ಹೊರಡುತ್ತೆ, ಬರ್ತೀಯಾ ಇಲ್ವಾ ಎಂದರು. ಭಾನುವಾರ ಆದ ಮೇಲೆ ಹೇಳುತ್ತೇನೆ ಅಂದೆ. "ಮೊನ್ನೆ ತನಕ ಕುದೀತಿದ್ಯಲ್ಲೋ ಹೋಗೋಕೆ," ಅಂದರು. ಹೌದು, ಕುದಿಯುತ್ತಿದ್ದೆ. ಈಗ ಅತ್ತೆ ಬರದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿದೆ. ಯಾಕೆಂದು ಕೇಳಿಕೊಳ್ಳಲು ಹೋಗಲಿಲ್ಲ. ಮೆಣಸು ಎದ್ದಳು.

ಮಾರ್ಚ್ ೨೯, ಭಾನುವಾರ

ಅತ್ತೆ ಬೆಳಿಗ್ಗೆಯ ಬಸ್ಸಿಗೆ ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದರು. ಬಂದವರೇ ಮೆಣಸನ್ನು ಎತ್ತಿ ತೂಗಿ ನೋಡಿ, "ಪರವಾಗಿಲ್ಲ, ನಾನಂದುಕೊಂಡಷ್ಟು ಕಡ್ಡಿಯಾಗಿಲ್ಲ," ಅಂದರು. ಮೆಣಸು ಟೇಪು ಹಿಡಿದು ಎಳೆದಳು. ಬಯ್ಯಲಿಲ್ಲ. ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಅವರೇ ಅನ್ನ ಬೇಳೆ ಕಲಸಿ, ಬಟ್ಟಲಲ್ಲಿ ಹಾಕಿಕೊಂಡು, ಮೆಣಸನ್ನು ಮುಂದೆ ಕೂರಿಸಿಕೊಂಡರು. "ಬಾ ಪುಟ್ಟಿ, ಅತ್ತೆ ತಿನ್ನಿಸ್ತೀನಿ." ಮೆಣಸು ಬಾಯಿ ಮುಚ್ಚಿಕೊಂಡು ಅತ್ತೆಯ ಬಾಯಿ ತೋರಿಸಿದಳು. "ಗೂಮಿ." ಅತ್ತೆ ಅವಳಿಗೆ ಕತೆ ಹೇಳಿದರು, ಟೇಪನ್ನು ಹಾವು ಮಾಡಿ ಆಡಿಸಿದರು, ಕೊನೆಗೆ ಸುಸ್ತಾಗಿ ಬಟ್ಟಲು ಕೆಳಗಿಟ್ಟರು. ಅನ್ನ ಒಣಗುತ್ತಾ ಬಂತು. ಮೆಣಸಿನ ಕೆಳತುಟಿ ನಡುಗಲು ಶುರುವಾಯಿತು.

ಅತ್ತೆ ಭಾವನ ಕಡೆ ತಿರುಗಿದರು. ಭಾವನಿಗೆ ಇವತ್ತು ರಜೆ, ಬಾಗಿಲಲ್ಲೇ ನಿಂತಿದ್ದರು.

"ನನ್ನ ಕೈಲಿ ತಿನ್ನಲ್ಲ ಇವಳು. ನಿನ್ನ ಭಾಮೈದನ ಕೈಲೇ ತಿನ್ನೋದಾದ್ರೆ ಇಲ್ಲೇ ಇರ್ಲಿ. ಕರ್ಕೊಂಡ್ ಹೋಗಿ ಅಲ್ಲಿ ಉಪವಾಸ ಕೆಡವಲಾ?"

ಅತ್ತೆ ಕೈ ತೊಳೆಯಲು ಎದ್ದರು. ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅವರು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು, ಮೆಣಸು ಇಲ್ಲಿ ಉಳಿಯುತ್ತಿದ್ದಳು, ಆಮೇಲೆ ನಾನು ತಿನ್ನಿಸುತ್ತಿದ್ದೆ. ಇದೆಲ್ಲ ನಲ್ಲಿಯಿಂದ ನೀರು ಬೀಳುವಷ್ಟರಲ್ಲಿ ತಲೆಯೊಳಗೆ ಸುತ್ತಿ ಬಂತು.

ಅತ್ತೆ ಕೈ ಒರೆಸಿಕೊಳ್ಳುತ್ತಾ ಕೇಳಿದರು, "ಏನೋ ಅದು ಗೂಮಿ ಗೂಮಿ ಅಂತಾಳಲ್ಲ, ನಿನಗೇನಾದ್ರೂ ಗೊತ್ತಾ?"

"ಗೊತ್ತು," ಅಂದೆ.

ಇನ್ನೊಂದು ತಟ್ಟೆ ತಂದೆ. ಅದರಲ್ಲಿ ಮುಗು ಹಾಕಿ ಅತ್ತೆಯ ಮುಂದಿಟ್ಟೆ. "ಅವಳಿಗಲ್ಲ, ನಿಮಗೆ. ನೀವು ಊಟ ಮಾಡಿ."

"ಮಗು ಹಸಿದು ಕೂತಿದೆ, ನಾನು ತಿನ್ನಲಾ?"

"ತಿನ್ನಿ. ಅವಳ ಕಡೆ ನೋಡ್ಬೇಡಿ."

ಅತ್ತೆ ನನ್ನನ್ನು ಒಂದು ಥರಾ ನೋಡಿ, ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಮೆಣಸು ಎದ್ದು ಬಂದು ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಬಾಯಿ ತೆರೆದಳು. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. "ಕೊಡಿ," ಅಂದೆ. ಕೊಟ್ಟರು. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳದೆ ತಿನ್ನುತ್ತಿದ್ದರು.

ಭಾವ ಬಾಗಿಲಿನಿಂದ ಒಳಗೆ ಬಂದು, ಬುಟ್ಟಿ ಇದ್ದ ಜಾಗದಲ್ಲಿ ಕೂತರು. "ನನಗೂ ಒಂದು ತಟ್ಟೆ ಕೊಡೋ," ಅಂದರು.

ಊಟವಾದ ಮೇಲೆ ಅತ್ತೆ ಪಾತ್ರೆ ತೊಳೆಯುತ್ತಾ ಮೆಲ್ಲಗೆ ಕೇಳಿದರು. "ನೀನು ಹೇಳ್ದೇ ಇದ್ದಿದ್ರೆ ನಾನು ಬಿಟ್ಟು ಹೋಗ್ತಿದ್ದೆ. ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೋ ಹೇಳ್ದೆ?"

"ಅವಳಿಗೆ ಹಸಿವಾಗಿತ್ತು."

ಮಾರ್ಚ್ ೩೦, ಸೋಮವಾರ

ಮೆಣಸು ಅತ್ತೆಯ ಜೊತೆ ಹೋಗುತ್ತಾಳೆ. ಹಾಗಂದದ್ದು ಭಾವ. ಅಲ್ಲಿ ಇಡೀ ದಿನ ಮನೆಯಲ್ಲಿ ಯಾರಾದರೂ ಇರುತ್ತಾರೆ, ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಭಾವ ಆ ಊರಿನ ಮೇಲೆ ಹೋಗುವ ಬಸ್ಸು ಕೇಳಿಕೊಂಡಿದ್ದಾರೆ, ದಿನಾ ಸಂಜೆ ಅಲ್ಲಿಳಿದು ಪೋಂಪೋಂ ಕೊಟ್ಟು ಬರಬಹುದು. ಯಾವ ಕಡೆಯಿಂದ ನೋಡಿದರೂ ಸರಿಯಾಗಿಯೇ ಇದೆ. ಅದಕ್ಕೇ ನನಗೆ ಜಗಳವಾಡಲು ಏನೂ ಸಿಗಲಿಲ್ಲ.

ಇಡೀ ದಿನ ಅತ್ತೆಗೆ ಪಾಠ ಹೇಳಿದೆ. ಶಾಲೆ ಬಿಟ್ಟವನು ಪಾಠ ಹೇಳುವುದು ಅಂದರೆ ಹೀಗೇ.

"ಉಫ್?"

"ಹಾಲು."

"ಮಣ್ಣಪ್ಪ?"

"ನಮ್ಮೆಜಮಾನ್ರು," ಅಂದರು ಅತ್ತೆ. ಭಾವ ನಕ್ಕರು. ಫೆಬ್ರವರಿಯಿಂದ ಇದೇ ಮೊದಲು ನಕ್ಕದ್ದು ಇರಬೇಕು.

"ಆಲೂಗಡ್ಡೆ," ಅಂದೆ. "ಅಂಗಿ?"

"ಬಾಳೆಹಣ್ಣು. ನನ್ನ ಅಂಗಡೀಲಿ ಅಂಗಿ ಅಂದ್ರೆ ಬಾಳೆಹಣ್ಣು ಅಂತ ಹೇಳ್ಕೊಟ್ರೆ ಗಿರಾಕಿಗಳು ಏನಾಗ್ಬೇಕೋ?"

ಮುಗುವಿಗೆ ಯಾಕೆ ಮುಗು ಎಂದು ಕೇಳಿದರು. ಅದು ಅಕ್ಕನ ಜೊತೆ ಹೋಯಿತು ಅಂದೆ. ಹೇಳಿ ಎದ್ದು ಹೋದೆ. ನೀರು ಕುಡಿದೆ.

ಮಾರ್ಚ್ ೩೧, ಮಂಗಳವಾರ

ಹೋದಳು. ಬಸ್ಸಿನ ಕಿಟಕಿಯಲ್ಲಿ ಅತ್ತೆಯ ತೊಡೆಯ ಮೇಲೆ ಕೂತು "ಮಾಮ, ಬಾ" ಅಂದಳು. ಬರುವುದಿಲ್ಲ ಅಂದೆ. ಆಮೇಲೆ ಬರುತ್ತೇನೆ ಅಂದೆ. ಎರಡೂ ನಿಜ.

ಚಪ್ಪಲಿ ಇಲ್ಲೇ ಇದೆ.

ಏಪ್ರಿಲ್ ೬, ಸೋಮವಾರ

ಹೋಟೆಲಿನ ಹಿಂದಿನ ಗೋಡೆಗೆ ಪ್ರೈಮರ್ ಹೊಡೆಯುತ್ತಿದ್ದೇವೆ. ಕಟ್ಟಿದ ಮರದ ಅಟ್ಟಣಿಗೆಯಿಂದ ಇಳಿದು, ನೆರಳಿನಲ್ಲಿ ಸಾಲಾಗಿ ಕೂತು ಡಬ್ಬಿ ಬಿಚ್ಚಿದೆವು. ಅಡುಗೆಯ ಪಾಳಿ ಇವತ್ತು ಮೇಸ್ತ್ರಿಯದು. ತಿನ್ನುವಾಗ ಫೋನ್ ಬಂತು. ಹಿಂದೆ ಹೊಲಿಗೆ ಮಿಷನ್ನಿನ ಸದ್ದು.

"ಏ, ಇವಳು ಬೆಳಿಗ್ಗೆಯಿಂದ ‘ಡುರ್ರ’ ಬೇಕು ಅಂತ ಕೂತಿದಾಳೆ," ಅಂದರು ಅತ್ತೆ. "ಡುರ್ರ ಅಂದ್ರೆ ಏನೋ? ನೀನದನ್ನ ಹೇಳ್ಕೊಟ್ಟೇ ಇಲ್ವಲ್ಲ."

ನಾನು ಯೋಚಿಸಿದೆ. ಅಂಥ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ.

"ಗೊತ್ತಿಲ್ಲ," ಅಂದೆ. "ಅದು ನಮ್ಮನೇದಲ್ಲ. ನಿಮ್ಮನೇಲೇ ಹುಟ್ಟಿದ್ದು."

"ಹಾಗಾದ್ರೆ ನಾನೇ ಹುಡುಕ್ಕೋಬೇಕಾ?"

"ನೀವೇ ಹುಡುಕ್ಕೋಬೇಕು."

ಮಿಷನ್ನಿನ ಸದ್ದು ನಿಂತಿತು, ಮತ್ತೆ ಶುರುವಾಯಿತು. "ಕೆಲಸಕ್ಕೆ ಬಿಡುವಾದಾಗ ಬಾ. ಊಟದ ಹೊತ್ತಿಗೇ ಬಾ," ಅಂದು ಇಟ್ಟರು.

ಡಬ್ಬಿಯ ಮೂಲೆಯಲ್ಲಿ ಒಂದು ಗೂಮಿ ಉಳಿದಿತ್ತು. ದಿನಾ ಉಳಿಸುತ್ತಿದ್ದೇನೆ ಎಂದು ಇವತ್ತು ಮೇಸ್ತ್ರಿ ಹೇಳಿದ ಮೇಲೆ ಗೊತ್ತಾಯಿತು. "ಯಾರಿಗೋ ಅದು?" ಅಂದರು. ನಾನೇ ತಿಂದೆ.

"ಉಪ್ಪು ಕಮ್ಮಿ ಮೇಸ್ತ್ರಿ," ಅಂದೆ.